ನೂರಿಪ್ಪತ್ತು, ಎಂಬತ್ತು

ಮೆಡಿಕಲ್ ಅಸಿಸ್ಟೆಂಟ್ ತರಬೇತಿಯಲ್ಲಿ ಸಿಂಚನಾಗೆ ಎಲ್ಲವೂ ಬಂತು, ಬಿ.ಪಿ. ನೋಡುವುದೊಂದು ಬಿಟ್ಟು. ಸ್ಟೆತಸ್ಕೋಪಿನಲ್ಲಿ ಎಲ್ಲರಿಗೂ ಕೇಳುವ ನಾಡಿಯ ಸದ್ದು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ಟೀಚರಿಗೆ ಹೇಳಲು ನಾಚಿಕೆ. ಮನೆಯವರೊಬ್ಬರ ಬಿ.ಪಿ.ಯನ್ನು ತಿಂಗಳಿಡೀ ನೋಡಿ ರೆಕಾರ್ಡ್ ಬರೆಯಬೇಕೆಂದಾಗ, ದಿನವೂ ಅಮ್ಮನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪುಸ್ತಕದಲ್ಲಿದ್ದ ನೂರಿಪ್ಪತ್ತು-ಎಂಬತ್ತನ್ನೇ ಬರೆದಳು.

"ಎಷ್ಟಿದೆಯೇ?"

"ಸರಿಯಾಗಿದೆ ಅಮ್ಮ."

ರೆಕಾರ್ಡಿಗೆ ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬಂತು. ಅದೇ ವಾರ ಅಮ್ಮ ಒಲೆಯ ಮುಂದೆ ಕುಸಿದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು.

"ಬಿ.ಪಿ. ಇನ್ನೂರು ದಾಟಿದೆ. ಮಾತ್ರೆ ತಗೊಳ್ತಿರ್ಲಿಲ್ವಾ?" ಡಾಕ್ಟರು ಕೇಳಿದರು.

ಅಳುತ್ತಿದ್ದ ಸಿಂಚನಾಳ ಬೆನ್ನ ಮೇಲೆ ಅಪ್ಪ ಕೈಯಿಟ್ಟರು.

"ತಗೋತಿದ್ಲು ಸಾರ್. ದಿನಾ ನಮ್ಮ ಮಗಳೇ ನೋಡಿ ಸರಿಯಾಗಿದೆ ಅಂತಿದ್ಲಲ್ಲ, ಅದಕ್ಕೇ ಹೋದ ತಿಂಗಳು ನಿಲ್ಲಿಸ್ಬಿಟ್ಲು."