ಎಣ್ಣೆ ಸ್ನಾನದ ಜೀಪು

ಜೀಪಿನ ಹೊಟ್ಟೆಯಡಿ ತೂರಿದ ಮೆಕ್ಯಾನಿಕ್ ಮಯಿಲ್‌ಸಾಮಿ ಒಂದು ಸೀನು ಬಂದು ಹೋಗುವಷ್ಟರಲ್ಲಿ ತೀರ್ಪು ಕೊಟ್ಟುಬಿಟ್ಟ. "ಬ್ರೇಕ್ ಹೋಸ್ ಮೂರೂ ಮದುವೆಮನೆ ಮಾಪಿಳ್ಳೆ ಥರ ಹೊಳೀತಾ ಅವೆ. ಇನ್ನು ಹತ್ತು ವರ್ಷ ಮುಟ್ಟೋದೇ ಬೇಡ!"

ನೆಗಮಂನಿಂದ ಪೊಳ್ಳಾಚಿವರೆಗೆ ಅವನ ಮಾತಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಸೂಲೂರಿನ ಆಕಾಶದಲ್ಲಿ ವಿಮಾನ ಕೆಮ್ಮಿದರೆ ಯಾವ ನಟ್ಟು ಸಡಿಲವೆಂದು ತನ್ನ ಶೆಡ್ಡಿನಲ್ಲಿ ಕೂತೇ ಹೇಳಬಲ್ಲವನು. ಪೋತ್ತನೂರಿನ ರೈಲು ಇಂಜಿನುಗಳಂತೂ ಅವನ ಹೆಸರು ಕಿವಿಗೆ ಬಿದ್ದರೆ ತಾವಾಗಿಯೇ ರಿಪೇರಿಯಾಗುತ್ತಿದ್ದವು. ಇದನ್ನೆಲ್ಲ ಹೇಳಿದವನು ಸ್ವತಃ ಅವನೇ ಆದ್ದರಿಂದ ಸುಳ್ಳಿರಲಾರದು.

ಬ್ರೇಕ್ ಆಯಿಲನ್ನು ಚಕ್ರಕ್ಕೆ ಮುಟ್ಟಿಸುವ ಆ ರಬ್ಬರು ಹೋಸುಗಳು ಹೊಳೆಯುತ್ತಿದ್ದುದು ಮಾತ್ರ ನಿಜ. ಸೀರೆ ವ್ಯಾಪಾರಿ ಸೆಲ್ಲಪ್ಪನ್ ಎಂಬತ್ತೆರಡನೇ ಇಸವಿಯಲ್ಲಿ ಈ ಹಳೇ ಜೀಪು ಕೊಂಡ ದಿನದಿಂದ, ಶನಿವಾರ ಶನಿವಾರ ತನ್ನ ಜೊತೆ ಅದಕ್ಕೂ ಎಣ್ಣೆ ಸ್ನಾನ ಮಾಡಿಸುತ್ತಿದ್ದ. ತನ್ನ ತಲೆಗೆ ಒಂದು ಹಿಡಿ ಎಳ್ಳೆಣ್ಣೆಯಾದರೆ, ಜೀಪಿನಲ್ಲಿ ರಬ್ಬರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಎರಡೆರಡು ಹಿಡಿ. ಐದು ವರ್ಷದಲ್ಲಿ ಅಷ್ಟು ಎಣ್ಣೆಯನ್ನು ಅವನ ಹೆಂಡತಿಯ ತಲೆ ಕಂಡಿರಲಿಲ್ಲ. ಊರಿನ ಕಾಗೆಗಳು ಆ ಟೈರಿನಲ್ಲಿ ಮುಖ ನೋಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದವು.

ನಾಳೆ ಇದೇ ಜೀಪು ವಾಲ್ಪಾರೈ ಘಾಟಿ ಹತ್ತಿ ಇಳಿಯಬೇಕು. ಅಲ್ಲಿ ಟೀ ಎಸ್ಟೇಟಿನಲ್ಲಿರುವ ಮಗಳು ಚಂದ್ರಾಳಿಗೆ ಎಂಟು ತಿಂಗಳು; ಹೆರಿಗೆಗೆ ತವರಿಗೆ ಕರೆತರಬೇಕು. ನಲವತ್ತು ಹೇರ್‌ಪಿನ್ ತಿರುವುಗಳು, ಒಂದೊಂದರಲ್ಲೂ ಜೀಪು ತನ್ನ ಬಾಲವನ್ನೇ ಮೂಸಿಕೊಂಡು ಹೊರಳಬೇಕು. ಅದಕ್ಕೇ ಸೆಲ್ಲಪ್ಪನ ತಾಯಿ ಅಂಗಮ್ಮ, ಮಗನೊಬ್ಬನನ್ನೇ ನಂಬದೆ, ಶೆಡ್ಡಿಗೆ ತಾನೂ ಬಂದು ಕಲ್ಲಿನ ಮೇಲೆ ಕೂತಿದ್ದಳು.

"ತಮ್ಮಾ, ಕೈಲಿ ಮುಟ್ಟಿ ನೋಡಿದೆಯಾ?"

"ನನ್ ಕಣ್ಣಿಗಿಂತಾ ಕೈ ಬೇಕಾ ಅವ್ವಾ?"

"ಕಣ್ಣು ಬಣ್ಣ ನೋಡ್ತದೆ ಸಾಮಿ. ಅದಿರ್ಲಿ, ಆ ಪೈಪಿನೊಳಗೆ ಏನದೆ?"

"ರಬ್ಬರು. ನಡುವೆ ನೂಲಿನ ಹೆಣಿಗೆ. ಅದರ ಮೇಲೆ ಮತ್ತೆ ರಬ್ಬರು."

"ನೂಲಾ!" ಅಂಗಮ್ಮ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಂದ್ರೆ ಅದು ನಮ್ ಇಲಾಖೆ. ನೀ ಆ ಕಡೆ ಜರುಗು."

ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಯನ್ನು ಒಳಗೆ ತೂರಿಸಿದಳು. ಅರವತ್ತು ವರ್ಷ ಮಗ್ಗದಲ್ಲಿ ಆಡಿದ ಬೆರಳುಗಳು ಅವು. ಪಕ್ಕದ ಬೀದಿಯ ಮಗ್ಗದಲ್ಲಿ ಎಳೆ ಕಡಿದರೂ ಇಲ್ಲಿ ತುರಿಸುತ್ತಿದ್ದವು. "ಸೆಲ್ಲಪ್ಪಾ, ಬ್ರೇಕ್ ಒತ್ತು. ಬಿಡು. ಇನ್ನೊಂದು ಸಲ ಒತ್ತು." ಅವಳ ಮುಖದ ನಗು ಇಳಿದುಹೋಯಿತು. ಮಯಿಲ್‌ಸಾಮಿಯ ತೋರುಬೆರಳನ್ನು ಹಿಡಿದೆಳೆದು ಹೋಸಿನ ಮೇಲೆ ಇಟ್ಟಳು. "ಇಲ್ಲಿ ಎಳೆ ಇಲ್ಲ. ನೀನೇ ನೋಡು."

ಪೆಡಲ್ ಒತ್ತಿದಾಗಲೆಲ್ಲ ಆ ಹೊಳಪಿನಡಿಯಲ್ಲಿ ರಬ್ಬರು ಕಪ್ಪೆಯ ಗಂಟಲಿನಂತೆ ಉಬ್ಬಿ ಇಳಿಯುತ್ತಿತ್ತು.

ಮಯಿಲ್‌ಸಾಮಿ ಸುಮ್ಮನಾದ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಆ ಶೆಡ್ಡಿನಲ್ಲಿ ಅಂಥ ಮೌನ ಯಾರೂ ಕೇಳಿರಲಿಲ್ಲವಾದ್ದರಿಂದ, ರಸ್ತೆಯಲ್ಲಿ ಹೋಗುತ್ತಿದ್ದ ಪೊಳ್ಳಾಚಿ ಬಸ್ಸು ಕೂಡ ಯಾರಿಗೇನಾಯಿತೋ ಎಂದು ನಿಧಾನಿಸಿತು.

"ರಬ್ಬರಿಗೆ ಎಣ್ಣೆ ಹಚ್ಚಿದೋರು ಯಾರು?" ಎಂದ ಕೊನೆಗೆ.

"ನಾನೇ! ವಾರಾವಾರ, ತಪ್ಪದೆ," ಎಂದ ಸೆಲ್ಲಪ್ಪನ್, ಪದಕ ಕೊಡುತ್ತಾರೇನೋ ಎಂಬಂತೆ.

"ಅಣ್ಣಾ, ಎಣ್ಣೆ ಕುಡಿದ್ರೆ ರಬ್ಬರು ಊದಿ ಮೆತ್ತಗಾಗೋಗ್ತದೆ. ನೀವು ಅದನ್ನ ಸಾಕಿದ್ದಲ್ಲ, ಕೊಂದಿದ್ದು." ಆಮೇಲೆ ದನಿ ತಗ್ಗಿಸಿದ. "ನಿಮ್ಮನ್ನ ಅಂದು ಏನಾಗ್ಬೇಕು. ಹೊಳಪು ನೋಡಿ ಏಮಾರಿದೋನು ನಾನು."

ಮೂರು ಹೋಸುಗಳನ್ನೂ ಬಿಚ್ಚಿ ಹೊಸವನ್ನು ಕೂರಿಸಿದ. ಹೊಸ ಬ್ರೇಕ್ ಆಯಿಲ್ ತುಂಬಿ, ಸೆಲ್ಲಪ್ಪನ ಕೈಯಲ್ಲಿ, ಅಲ್ಲ, ಕಾಲಲ್ಲಿ ಪೆಡಲ್ ಒತ್ತಿಸಿ ಒತ್ತಿಸಿ, ನಾಲ್ಕು ಚಕ್ರದಲ್ಲೂ ಗಾಳಿಗುಳ್ಳೆ ನಿಲ್ಲುವ ತನಕ ಹರಿಸಿದ. ಪೆಡಲ್ ಬಂಡೆಯಂತೆ ನಿಂತಿತು. ಅಷ್ಟಾದ ಮೇಲೂ ಕಣ್ಣು ಮುಚ್ಚಿಕೊಂಡು ಮೂರು ಹೋಸನ್ನೂ ಬೆರಳಿಂದ ಸವರಿ ನೋಡಿದ. ಅಂಗಮ್ಮ ತಲೆಯಾಡಿಸಿದ ಮೇಲೆಯೇ ಜಾಕಿ ಇಳಿಸಿದ್ದು.

ಆಮೇಲೆ ಹಳೇ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದ. ರಬ್ಬರು ಹಲ್ವದಂತೆ ಬಿಟ್ಟುಕೊಂಡಿತು. ಉಬ್ಬಿದ ಜಾಗದಲ್ಲಿ ಹೆಣಿಗೆಯೆಲ್ಲ ಕಡಿದು ಹಿಂಜಿಹೋಗಿತ್ತು. ಕಡಿಯದೆ ಉಳಿದದ್ದು ಮೂರು ಎಳೆ. ಈ ಲೆಕ್ಕವನ್ನು ಹೆಚ್ಚಿಸಿ ಹೇಳುವಂತಿಲ್ಲ, ಇಳಿಸಿ ಹೇಳುವ ಅಗತ್ಯವೂ ಇಲ್ಲ, ಮೂರೇ ಎಳೆ.

ಸೆಲ್ಲಪ್ಪನ್ ಬೆರಳು ಮಡಿಸಿ ಎಣಿಸತೊಡಗಿದ. "ಹೋದ ತಿಂಗಳು ಇದರಲ್ಲೇ ತಾನೇ ಚಂದ್ರಾನ ನೋಡಿ ಬಂದ್ವಿ... ಹನ್ನೊಂದು ಜನ ಅವ್ವಾ. ಚಿಕ್ಕ ಮಕ್ಕಳೇ ನಾಲ್ಕು."

"ಅವ್ವಾ," ಮಯಿಲ್‌ಸಾಮಿ ಗ್ರೀಸಿನ ಕೈಗಳನ್ನು ಜೋಡಿಸಿದ. "ನೀ ಇವತ್ತು ಬರ್ದೆ ಇದ್ದಿದ್ರೆ ನಾನು..."

ಅಂಗಮ್ಮನಿಗೆ ಅದು ಕೇಳಿಸಲಿಲ್ಲ. ಸೀಳಿದ ಹೋಸನ್ನು ಬೆಳಕಿಗೆ ಹಿಡಿದು, ಆ ಮೂರು ಎಳೆಗಳನ್ನು ಉಗುರಿನಿಂದ ಮೆಲ್ಲಗೆ ಎತ್ತಿ, ಹೆಬ್ಬೆರಳಿನಡಿ ಹೊರಳಿಸಿ ನೋಡಿದಳು. ಕಣ್ಣಿಗೊತ್ತಿಕೊಂಡಳು.

"ಒಳ್ಳೆ ಹುರಿ," ಎಂದಳು. "ಯಾವೂರ ಮಿಲ್ಲೋ, ಯಾರ ಮಗಳು ನೂತಿದ್ದೋ. ಮನೆಗೋಗೋ ಅವಸರದಲ್ಲೂ ಕೈ ಸೋಮಾರಿ ಮಾಡ್ಲಿಲ್ಲ ನೋಡು. ಆ ತಾಯಿ ಹೊಟ್ಟೆ ತಣ್ಣಗಿರ್ಲಿ."