ಐದನೇ ಕಂಬದ ಲೆಕ್ಕ

ಮೂವರಿಗೆ ಮೂರು ಸಂಖ್ಯೆ. ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಬಾಗಿಲೆಳೆದುಕೊಂಡು, ದನಿ ತಗ್ಗಿಸಿ ಹೇಳಬೇಕು. ಮುಖ್ಯ ಎಂಜಿನಿಯರ್ ಬೆಳಗ್ಗೆಯೇ ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು.

ಮೊದಲು ಸರ್ವೇಯರ್ ಬಂದ. "ನಿಮ್ಮಲ್ಲೇ ಇರಲಿ. ಸೇತುವೆಯ ಐದನೇ ಕಂಬದ ಮೇಲೆ ಬಿರುಕು ಬಿಟ್ಟಿರೋದು ಹದಿಮೂರು ಬೋಲ್ಟು. ಗಾಬರಿಪಡೋ ಅಂಥದ್ದೇನಿಲ್ಲ, ಬೇಸಿಗೆಯಲ್ಲಿ ಬದಲಾಯಿಸೋಣ." ಅವನು ತಲೆಯಾಡಿಸಿ ಹೋದ. ಟೈಪಿಸ್ಟ್‌ಗೆ ಆಕೆ ಹೇಳಿದ್ದು ಹದಿನೇಳು.

ಸಹಾಯಕ ಎಂಜಿನಿಯರ್‌ಗೆ ಹನ್ನೊಂದು.

"ಹನ್ನೊಂದೇನಾ ಅಕ್ಕ?" ಹುಡುಗಿ ಹುಬ್ಬೇರಿಸಿದಳು. "ನಾನು ಜಾಸ್ತಿ ಇರುತ್ತೆ ಅಂದ್ಕೊಂಡಿದ್ದೆ."

"ಯಾಕೆ ಹಾಗಂದ್ಕೊಂಡೆ?"

"ಸುಮ್ಮನೆ."

ಆ 'ಸುಮ್ಮನೆ' ಮುಖ್ಯ ಎಂಜಿನಿಯರ್‌ಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಕಂಬ ಹತ್ತುವುದನ್ನು, ಸುತ್ತಿಗೆಯಿಂದ ಬೋಲ್ಟಿನ ತಲೆ ತಟ್ಟಿ ಸದ್ದಿನಲ್ಲೇ ಬಿರುಕು ಹಿಡಿಯುವುದನ್ನು ಈ ಹುಡುಗಿಗೆ ಕೈಹಿಡಿದು ಕಲಿಸಿದವಳು ಆಕೆಯೇ.

ಮೂರು ವಾರದಿಂದ ಕಚೇರಿಯ ಗುಟ್ಟು ಪತ್ರಿಕೆಗೆ ಸೋರುತ್ತಿತ್ತು. ಮೊದಲ ವಾರ: ಹೊಳೆಯ ಸೇತುವೆಯ ಐದನೇ ಕಂಬದಲ್ಲಿ ಬಿರುಕು. ಎರಡನೇ ವಾರ: ತಪಾಸಣೆಯ ವರದಿ ಮುಖ್ಯ ಎಂಜಿನಿಯರ್‌ಳ ಕಪಾಟಿನಲ್ಲಿ ಬೀಗದೊಳಗಿದೆ. ಎರಡೂ ನಿಜ. ಸೇತುವೆ ಭದ್ರವಾಗಿದೆ, ಸಣ್ಣಪುಟ್ಟ ರಿಪೇರಿ ಅಷ್ಟೆ ಎಂದು ಆಕೆ ಎರಡು ಸಲ ಪ್ರಕಟಣೆ ಕೊಟ್ಟಳು. ಹಾಗಾದರೆ ಬಿರುಕು ಬಿಟ್ಟ ಬೋಲ್ಟು ಎಷ್ಟು ಎಂದು ಪತ್ರಿಕೆ ಕೇಳಿತು. ಅದಕ್ಕೆ ಆಕೆ ಉತ್ತರ ಕೊಡಲಿಲ್ಲ.

ಒಂದೇ ಬಸ್ಸು ಹಾಯುತ್ತಿದ್ದ ಇಕ್ಕಟ್ಟಿನ ಸೇತುವೆಯನ್ನು ನಾಲ್ಕು ಸಾಲಿನ ರಸ್ತೆಯಾಗಿ ಅಗಲ ಮಾಡಿದ್ದು ಆಕೆಯ ವಿನ್ಯಾಸ. ಊರಿನವರು ಈಗಲೂ ಅದನ್ನು 'ಮೇಡಂ ಸೇತುವೆ' ಅನ್ನುತ್ತಾರೆ. ಅದಕ್ಕೆ ಮಸಿ ಬಳಿಯಲು ಯಾರಿಗೆ ಮನಸ್ಸು ಬಂತು?

ಆಕೆಯ ಮೊದಲ ಅನುಮಾನ ನಕ್ಷೆಗಾರನ ಮೇಲೆ. ಹದಿನಾರು ವರ್ಷ ಆಕೆಯ ಕೈಕೆಳಗೆ ಗೆರೆ ಎಳೆದ ಮನುಷ್ಯ ಈಚೆಗೆ ಫೋನು ಬಂದರೆ ವರಾಂಡಕ್ಕೆ ಹೋಗಿ ಮಾತಾಡುತ್ತಿದ್ದ. ಅಷ್ಟು ಸಾಕಾಯಿತು. ಆಕೆ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, ಹಳೇ ಕಡತಗಳ ಗೋದಾಮಿಗೆ ಎತ್ತಿಹಾಕಿದಳು.

"ಜೊತೆಗೆ ಕೂತು ಉಂಡವನು ಮೇಡಂ ನಾನು," ಎಂದ ಅವನು. "ಅಷ್ಟಾದರೂ ನೆನಪಿರಲಿ." ಸ್ಕೇಲು, ಪೆನ್ಸಿಲು, ಕನ್ನಡಕದ ಪೆಟ್ಟಿಗೆ ಎತ್ತಿಕೊಂಡು ನಡೆದ.

ಅವನು ಹೋದ ನಾಲ್ಕನೇ ದಿನ ಮತ್ತೆ ಸುದ್ದಿ ಬಂತು: ತಪಾಸಣೆಗೆ ಕಂಬ ಹತ್ತಿದ್ದವಳು ಮುಖ್ಯ ಎಂಜಿನಿಯರ್ ಒಬ್ಬಳೇ. ಅದೂ ನಿಜ. ಹಾಗಾಗಿಯೇ ಈ ಮೂರು ಸಂಖ್ಯೆ. ನಿಜವಾದ ಲೆಕ್ಕ ಬೇರೆಯೇ ಇತ್ತು. ಪತ್ರಿಕೆಯಲ್ಲಿ ಯಾರ ಸಂಖ್ಯೆ ಬರುತ್ತದೋ ಅವರೇ ಕಳ್ಳರು.

ಮಧ್ಯಾಹ್ನ ಅಣ್ಣ ಬಂದ. ಬಸ್ಸಿನ ಪಾಳಿ ಮುಗಿದ ದಿನ ತಂಗಿಯ ಜೊತೆ ಊಟ ಮಾಡುವುದು ಅವನ ರೂಢಿ. ಅಪ್ಪ ತೀರಿದ ವರ್ಷವೇ ಓದು ಬಿಟ್ಟು ಸ್ಟಿಯರಿಂಗ್ ಹಿಡಿದವನು. ಇವಳು ಎಂಜಿನಿಯರ್ ಆದದ್ದು ಆ ಕೈಗಳಿಂದ.

"ಏನೇ ಪುಟ್ಟಿ, ಮುಖ ಸಪ್ಪಗಿದೆ?"

"ನಮ್ಮವರೇ ಯಾರೋ ಉಂಡ ಮನೆಗೆ ಎರಡು ಬಗೀತಿದಾರೆ ಅಣ್ಣ. ಊಟ ಸೇರಲ್ಲ, ನಿದ್ದೆ ಬರಲ್ಲ."

ಅವನು ಡಬ್ಬಿಯ ಮುಚ್ಚಳ ತೆಗೆದ. "ಉಂಡ ಮನೆ ಯಾವುದು ಅಂತಾನೂ ನೋಡಬೇಕಲ್ಲ."

"ಅಂದ್ರೆ?"

"ಏನಿಲ್ಲ. ಊಟ ಮಾಡು."

ಆಕೆ ಮಾತು ಬದಲಿಸಿದಳು. "ಹೊಸ ರೂಟು ಹೇಗಿದೆ?"

"ಆರಾಮ. ರಸ್ತೆ ಖಾಲಿ." ಅವನು ತಟ್ಟೆಯ ಅನ್ನ ಕಲಸಿದ. "ನನ್ನ ಹಳೇ ಬಸ್ಸಿಗೆ ಹೊಸಬನನ್ನ ಹಾಕಿದಾರೆ. ಮದುವೆಯಾಗಿ ಆರು ತಿಂಗಳಾಯ್ತಂತೆ."

ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ. ಗಾಜಿನಾಚೆ ಸಹಾಯಕ ಎಂಜಿನಿಯರ್ ಯಾರಿಗೋ ಫೋನಿನಲ್ಲಿ ಏನೋ ಹೇಳುತ್ತಿದ್ದಳು.

ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ಪತ್ರಿಕೆ ತಂದು ಮೇಜಿನ ಮೇಲಿಟ್ಟವಳು ಆ ಹುಡುಗಿಯೇ. ಇಟ್ಟವಳು ಹೋಗದೆ ಅಲ್ಲೇ ನಿಂತಳು.

ಹನ್ನೊಂದು ಆಗದಿರಲಿ, ಎಂದುಕೊಳ್ಳುತ್ತ ಮುಖ್ಯ ಎಂಜಿನಿಯರ್ ಮಡಿಕೆ ಬಿಡಿಸಿದಳು. ಬೆರಳು ಸಾಲಿನ ಮೇಲೆ ಸರಿಯಿತು. ಹನ್ನೊಂದಲ್ಲ. ಉಸಿರು ಬಿಟ್ಟಳು. ಮುಂದೆ ನೋಡಿದರೆ ಹದಿಮೂರೂ ಅಲ್ಲ, ಹದಿನೇಳೂ ಅಲ್ಲ.

ಹತ್ತೊಂಬತ್ತು.

"ನನಗೆ ಹನ್ನೊಂದು ಅಂದಿದ್ರಿ," ಎಂದಳು ಹುಡುಗಿ.

ಬಾಗಿಲಲ್ಲಿ ಸರ್ವೇಯರ್ ನಿಂತಿದ್ದ. "ನನಗೆ ಹದಿಮೂರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಕೆಯ ಮುಖ. ಹುಡುಗಿಯ ಕಣ್ಣು ತುಂಬಿತ್ತು. "ದಿನಾ ಆ ಸೇತುವೆ ಮೇಲೇ ಬರ್ತೀನಿ ಅಕ್ಕ ನಾನು. ಅಮ್ಮನ್ನ ಹಿಂದೆ ಕೂರಿಸಿಕೊಂಡು," ಎಂದು ಮೆಲ್ಲಗೆ ಹೇಳಿ ಹೊರಗೆ ಹೋದಳು. ಸರ್ವೇಯರ್ ಕೂಡ ಹೋದ.

ಮುಖ್ಯ ಎಂಜಿನಿಯರ್ ಪತ್ರಿಕೆಯನ್ನು ಮಡಿಸಲೂ ಆಗದೆ ಕೂತಳು. ಕಾಗದದಲ್ಲಿದ್ದ ಲೆಕ್ಕದ ಮೇಲೆ ಬೀಗವಿತ್ತು, ಬೀಗದ ಕೈ ಸೊಂಟದಲ್ಲಿತ್ತು. ಇನ್ನು ಉಳಿದದ್ದು ಬಾಯಿ.

ಬಾಯಿಬಿಟ್ಟು ಆಕೆ ಅದನ್ನು ಹೇಳಿದ್ದು ಒಂದೇ ಸಲ, ತಿಂಗಳ ಹಿಂದೆ, ಕಂಬದಿಂದ ಇಳಿದವಳೇ ನೇರ ಬಸ್ ಡಿಪೊಗೆ ಹೋಗಿ: "ಅಣ್ಣಾ, ಹತ್ತೊಂಬತ್ತು ಬೋಲ್ಟು ಹೋಗಿವೆ. ಸೇತುವೆ ಯಾವತ್ತು ಕುಸಿಯುತ್ತೋ ಗೊತ್ತಿಲ್ಲ. ಯಾರಿಗೂ ಹೇಳಬೇಡ, ನೀನು ಮಾತ್ರ ಆ ರೂಟು ಬಿಟ್ಟುಬಿಡು."