ಬಾನೆಟ್ಟಿನೊಳಗೆ ಜೋಳ

ಗಂಡಿನ ಮನೆ ನೋಡುವವರು ಇನ್ನರ್ಧ ಗಂಟೆಯಲ್ಲಿ ಬರಲಿದ್ದರು. ಘಾಟಬೋರಾಳದ ಪಂಡರಿ ತನ್ನ ಕಾರಿನ ಬಾನೆಟ್ ಎತ್ತಿ ಒಳಗೆ ಜೋಳದ ಚೀಲ ತುರುಕುತ್ತಿದ್ದ. ಒಂದು ಚೀಲ ಹೋಯಿತು. ಎರಡನೆಯದೂ ಹೋಯಿತು. ಮೇಲೆದ್ದಿದ್ದ ಕಾರಿನ ಮೂತಿ ನಿಧಾನವಾಗಿ ಇಳಿದು ಸಮವಾಯಿತು. ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ ಹೆಂಡತಿ ರುಕ್ಮಿಣಿಬಾಯಿ ತಲೆಯ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದಳು. ಹೇಳುವುದನ್ನೆಲ್ಲ ಆಕೆ ನಿನ್ನೆಯೇ ಹೇಳಿ ಮುಗಿಸಿದ್ದಳು.

ಕಾರಿನಲ್ಲಿ ಎಂಜಿನ್ ಇರಲಿಲ್ಲ. ಅದು ಹುಮನಾಬಾದಿನಲ್ಲಿ, ಸೋಹೇಲನ ಗ್ಯಾರೇಜಿನ ಹಲಗೆಯ ಮೇಲೆ ಕೂತಿತ್ತು. ಆಯಿಲ್ ಸೋರುತ್ತದೆಂದು ತೋರಿಸಲು ಹೋದದ್ದೇ ತಪ್ಪಾಯಿತು. ಸೋಹೇಲ ಕೆಲಸದಲ್ಲಿ ಗಟ್ಟಿಗ. ಆದರೆ ಅವನದೊಂದು ಹಟ. ಎಂಜಿನ್ ಒಮ್ಮೆ ಕೆಳಗಿಳಿದರೆ, ಅದು ಇದ್ದಾಗ ಕೈಗೆ ಸಿಗದ ಕೆಲಸಗಳೆಲ್ಲ ಮುಗಿಯುವ ತನಕ ಮತ್ತೆ ಮೇಲೆತ್ತುವವನಲ್ಲ. ಆಯಿಲ್ ಸೀಲ್ ಆಯಿತು, ಕ್ಲಚ್ ಪ್ಲೇಟ್ ಎಂದ. ಕ್ಲಚ್ ಪ್ಲೇಟ್ ಆಯಿತು, ಎಂಜಿನ್ ಕೂರುವ ರಬ್ಬರು ಎಂದ. ರಬ್ಬರು ಬಂತು, ಹಿಂದಿನ ನೀರಿನ ಪೈಪುಗಳು ಬಿರುಕು ಬಿಟ್ಟಿವೆ ಎಂದ.

"ಕಾಕಾ, ಈಗ ಬಿಟ್ರ ನಾಳೆ ಒಂದು ಪೈಪಿನ ಸಲುವಾಗಿ ಮತ್ತ ಎಂಜಿನ್ ಇಳಸಬೇಕಾಗ್ತದ."

ಪಂಡರಿ ಪೈಪುಗಳಿಗೂ ದುಡ್ಡು ಎಣಿಸಿ ಕೊಟ್ಟ. ಹೀಗೇ ಮೂರು ವಾರ ಕಳೆದವು.

ಆದರೆ ಈ ಭಾನುವಾರವನ್ನು ಮುಂದೂಡುವಂತಿರಲಿಲ್ಲ. ಮಗ ಕಲ್ಲಿನಾಥನಿಗೆ ಮೂವತ್ತಮೂರು. ಹೊಲ, ಕುರಿ ಎಂದ ಕೂಡಲೇ ಐದು ಕಡೆಯವರು ಹಿಂದೆ ಸರಿದಿದ್ದರು. ಆರನೆಯದು ಬಸವಕಲ್ಯಾಣದ ಹತ್ತಿರದ ಹಳ್ಳಿಯ ಕಾಶಿರಾಮನ ಮಗಳು ಕಾಜಲ. ಹುಡುಗ ಹುಡುಗಿ ಆಗಲೇ ಒಪ್ಪಿ, ಫೋನಿನಲ್ಲಿ ಮಾತಾಡಿ ಮಾತಾಡಿ ಇಬ್ಬರ ಕಿವಿಯೂ ಕೆಂಪಾಗಿದ್ದವು. ಉಳಿದದ್ದು ಹೆಣ್ಣಿನವರು ಬಂದು ಮನೆ ನೋಡುವುದೊಂದೇ. ಮಧ್ಯಸ್ಥಿಕೆಯ ನರಸಿಂಗ ಮಾತ್ರ, ಗಂಡಿನವರ ಬಾಗಿಲಲ್ಲಿ ಕಾರೇ ನಿಂತಿರುತ್ತದೆ ಎಂದು ಕೊಚ್ಚಿಕೊಂಡು ಬಂದಿದ್ದ. ಕಾರು ಕಾಣದಿದ್ದರೆ ಉಳಿದದ್ದೂ ಸುಳ್ಳೆಂದಾಗುತ್ತದೆ. ಮಗನ ಮುಖ ಇನ್ನೊಮ್ಮೆ ಬಾಡುವುದನ್ನು ನೋಡುವ ಶಕ್ತಿ ಪಂಡರಿಗಿರಲಿಲ್ಲ.

ಎಂಜಿನ್ ಅಲ್ಲೇ ಇರಲಿ, ಖಾಲಿ ಗಾಡಿಯನ್ನಾದರೂ ಕೊಡು ಎಂದು ಶನಿವಾರ ಕೇಳಿದಾಗ ಸೋಹೇಲ ನಗಲಿಲ್ಲ, ಬೆರಗಾಗಲೂ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟಲು ದಪ್ಪ ಹಗ್ಗ ತೆಗೆದುಕೊಟ್ಟ. ಭಾರವಿಲ್ಲದೆ ಮೂತಿ ಮೇಲೇಳುತ್ತದೆ, ಒಳಗೆ ಎರಡು ಚೀಲ ಕಾಳು ಇಟ್ಟರೆ ಯಾರಿಗೂ ತಿಳಿಯದು ಎಂದ. ಹಗ್ಗ ಮಾತ್ರ ಇವತ್ತೇ ತಿರುಗಿ ಬರಬೇಕು, ನಾಳೆ ಬೆಳಿಗ್ಗೆ ಅದಕ್ಕೆ ಕೆಲಸವಿದೆ ಎಂದ. ಪಂಡರಿಗೂ ಸೋಹೇಲನ ಹಟ ಅಂಟಿಕೊಂಡಿತ್ತು. ಗಾಡಿ ಮನೆ ಸೇರಿದ್ದೇ, ಎಂಜಿನ್ನಿಲ್ಲದ ಜಾಗವನ್ನು ಡೀಸೆಲ್ ಹಾಕಿ ತಿಕ್ಕಿದ, ತುಕ್ಕು ಕೆರೆದು ಕರಿಬಣ್ಣ ಬಳಿದ, ಇಲಿ ಕಡಿದ ವಾಯರಿಗೆ ಟೇಪು ಸುತ್ತಿದ. ಇಡೀ ಮನೆಯಲ್ಲಿ ಅಷ್ಟು ಚೊಕ್ಕಟವಾದ ಜಾಗ ಇನ್ನೊಂದಿರಲಿಲ್ಲ.

ಹತ್ತು ಗಂಟೆಗೆ ಊರ ಹೊರಗಿನ ದಿಬ್ಬದ ಮೇಲೆ ಯಾವುದೋ ಟ್ರ್ಯಾಕ್ಟರು ಗುಡುಗುತ್ತ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಇಳಿಜಾರಿನಲ್ಲಿ ಬಿಳಿ ಕಾರೊಂದು ಸಪ್ಪಳವಿಲ್ಲದೆ ಬಂದು, ಅಂಗಳದ ಬೇವಿನ ಮರ ಇನ್ನೊಂದು ಗೇಣಿರುವಾಗ ನಿಂತಿತು. ಕಾಶಿರಾಮ ಮತ್ತು ಹೆಂಡತಿ ಗಯಾಬಾಯಿ ಬೆವರು ಒರೆಸಿಕೊಳ್ಳುತ್ತ ಇಳಿದರು. ಪಂಡರಿ ಆ ಕಾರನ್ನೇ ನೋಡಿದ. ಇಷ್ಟು ಮೆತ್ತಗೆ ಬರುವುದೆಂದರೆ ಕರೆಂಟಿನ ಗಾಡಿಯೇ ಇರಬೇಕು. ಇಂಥವರು ನಮಗೆ ಹೆಣ್ಣು ಕೊಡುತ್ತಾರೆಯೇ?

ಚುರುಮುರಿಯ ಸುಸಲಾ, ಚಹಾ ಆಯಿತು. ಚಹಾದ ಹೊತ್ತಿಗೆ ಬಂದು ಸೇರಿದ್ದ ನರಸಿಂಗ, ಪಂಡರಿಯ ಕಾರಿನಲ್ಲೇ ಹೊಲ ನೋಡಿಬರೋಣ ಎಂದ. ಬೆಳೆಯನ್ನು ನಡೆದೇ ನೋಡಬೇಕು ಎಂದು ಪಂಡರಿ ತೊದಲಿದ. ಹಾಗಾದರೆ ಬಂದವರ ಕಾರಿನಲ್ಲೇ ಹೋಗೋಣ ಎಂದ ನರಸಿಂಗ. ಕಾಶಿರಾಮ ಅಷ್ಟರಲ್ಲಿ ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದ.

"ನಡ್ಯೂದೇ ಛಲೋ ಬರ್ರಿ. ಡಾಕ್ಟರೂ ಅದನ್ನೇ ಹೇಳ್ಯಾರ."

ಉರಿಬಿಸಿಲಿನಲ್ಲಿ ಮೂವರೂ ಒಂದೂವರೆ ಮೈಲಿ ನಡೆದರು. ಇಬ್ಬರು ನಡಿಗೆಯನ್ನು ಹೊಗಳುತ್ತಿದ್ದರು. ನರಸಿಂಗ ಇಬ್ಬರನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದ.

ತಿರುಗಿ ಬಂದಾಗ ಪಂಡರಿಯ ಕಾರಿನ ಕೆಳಗೆ ಏಳೆಂಟು ಕೋಳಿಗಳು ಸೇರಿದ್ದವು. ಚೀಲ ಎಲ್ಲೋ ಹರಿದಿತ್ತು. ಆಯಿಲ್ ಸೋರುವ ಕಾರನ್ನು ಎಲ್ಲರೂ ನೋಡಿದ್ದಾರೆ, ಜೋಳ ಸೋರುವ ಕಾರನ್ನು ನೋಡಿದವರಿಲ್ಲ. ಕಾಶಿರಾಮ ಬಗ್ಗಿ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಡಿದ. ಬಾನೆಟ್ಟನ್ನೊಮ್ಮೆ ನೋಡಿದ. ಜೋಳ ಬೆಳ್ಳಗೆ ಚೆನ್ನಾಗಿದೆ ಎಂದಷ್ಟೇ ಹೇಳಿ ಒಳಗೆ ನಡೆದ. ಮುಗಿಯಿತು ಎಂದುಕೊಂಡ ಪಂಡರಿ. ಕಟ್ಟೆಯ ಮೇಲೆ ನಿಂತಿದ್ದ ಮಗನ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಊಟವಾಯಿತು. ಮೂರು ಸಲ ಚಹಾ ಆಯಿತು. ನರಸಿಂಗ ಹೊರಟುಹೋದ. ಬಂದವರು ಮಾತ್ರ ಏಳಲೊಲ್ಲರು. ಗಯಾಬಾಯಿ ದಿಬ್ಬವನ್ನೊಮ್ಮೆ, ಗಂಡನನ್ನೊಮ್ಮೆ ನೋಡುತ್ತಿದ್ದಳು. ಬೇಡ ಎನ್ನಲು ಇಷ್ಟು ಹೊತ್ತು ಏಕೆ ಎಂದು ಪಂಡರಿ ಒಳಗೊಳಗೇ ಬೆಂದ.

ಐದರ ಸುಮಾರಿಗೆ ಕಾಶಿರಾಮ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡ.

"ಬೀಗರ, ಸಂಬಂಧ ನಮಗ ಪಸಂದ ಅದ. ದಿನ ನೋಡಸ್ರಿ."

ಪಂಡರಿಯ ಕಣ್ಣು ತುಂಬಿದವು. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಇಷ್ಟು ದೊಡ್ಡ ಮನಸ್ಸಿನವರಿಗೆ ಮೋಸ ಮಾಡಿ ಸೊಸೆಯನ್ನು ತರಲು ಅವನ ಮನಸ್ಸು ಒಪ್ಪಲಿಲ್ಲ. ಒಂದು ಮಾತು ಮುಚ್ಚಿಟ್ಟಿದ್ದೇನೆ, ಈ ಕಾರಿನಲ್ಲಿ ಎಂಜಿನ್ನೇ ಇಲ್ಲ ಎಂದು ತಲೆ ತಗ್ಗಿಸಿ ಹೇಳಿಬಿಟ್ಟ.

"ಗೊತ್ತದರಿ ಬೀಗರ. ಸೋಹೇಲನ ಗ್ಯಾರೇಜಿನ್ಯಾಗ ಅದರ ಬಾಜೂಕ ಇರೋ ಎಂಜಿನ್ ನಮ್ಮದು."